ಬಿಲ್ಲಿಗೆ ನಂಬರ್ ಯಾಕ ಬೇಕ್ರಿ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಸೀರೆ ಆರಿಸಿ ಗಲ್ಲಾದ ಮುಂದೆ ನಿಂತರೆ ದುಡ್ಡಿಗಿಂತ ಮೊದಲು ಬರುವ ಮಾತು: ‘ಮೊಬೈಲ್ ನಂಬರ್ ಹೇಳ್ರಿ’. ಹೇಳಿದಿರೋ, ಹಬ್ಬಹಬ್ಬಕ್ಕೂ ರಿಯಾಯಿತಿ ಮೆಸೇಜು. ನಂಬರಿಗಾಗಿ ಗಿರಾಕಿಗಳನ್ನು ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಖಾಸಗಿತನದ ಹಕ್ಕಿನ ಈ ಹೋರಾಟದ ಬೇರು ಕರ್ನಾಟಕದಲ್ಲೇ ಇದೆ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯ ಒಕ್ಕಣೆಯನ್ನು ಕನ್ನಡದಲ್ಲೇ ಓದಬಹುದು, ಕೊಟ್ಟಷ್ಟೇ ಸಲೀಸಾಗಿ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆದರೆ 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದಾಗ ಇವನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು.