ಕೋರ್ಟಿನಲ್ಲಿ ನಮ್ಮ ಕೇಸು ನಾವೇ ವಾದಿಸಬಹುದೆ?



ಮೊನ್ನೆ ಭಾನುವಾರ ಮಣ್ಣಗುಡ್ಡದ ನನ್ನ ಮನೆಗೆ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಬೋರ್ಡೋ ದ್ರಾವಣದ ಮಾತು ಮುಗಿದ ಮೇಲೆ ಕೈಚೀಲದಿಂದ ಒಂದು ಕರಾರುಪತ್ರ ತೆಗೆದರು. ತಮ್ಮ ತೋಟಕ್ಕೆ ತಾಗಿದ ಜಾಗ ಕೊಳ್ಳಲು ಮುಂಗಡ ಕೊಟ್ಟು ಆರು ತಿಂಗಳ ವಾಯಿದೆಗೆ ಬರೆಸಿಕೊಂಡದ್ದು. ಈಗ ಜಾಗದ ಬೆಲೆ ಏರಿದೆ. ಮಾರುವವರು ಕ್ರಯಪತ್ರ ಮಾಡಿಕೊಡದೆ "ಇವತ್ತು ನಾಳೆ" ಎನ್ನುತ್ತಿದ್ದಾರೆ. "ಸಾರ್, ನನ್ನ ಅಪ್ಪ ಡಿಕ್ಲರೇಶನ್ ಕೇಸಿನಲ್ಲಿ ವಕೀಲರಿಲ್ಲದೆ ತಾವೇ ಮಾತಾಡಿ ಭೂಮಿ ಪಡೆದವರು. ನನಗೆ ಹಾಗೆ ಆಗದೆ?" ಎಂದು ಕೇಳಿದರು.

ಆಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಕಕ್ಷಿದಾರನು ತಾನೇ ಹಾಜರಾಗಿ ತನ್ನ ಕೇಸು ನಡೆಸಬಹುದು. ಆದರೆ ಅಪ್ಪನ ಕಾಲದ ಮಂಡಳಿ ಬೇರೆ, ಇಂದಿನ ಕೋರ್ಟು ಬೇರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ, ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಬರಕೂಡದೆಂದೇ 48(8)ನೇ ಕಲಂ ಹೇಳಿತ್ತು. ಆ ನಿಷೇಧ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1987ರಲ್ಲಿ. ಮಂಡಳಿಯ ಮುಂದೆ ಇದ್ದ ಮುಖ್ಯ ಪ್ರಶ್ನೆ, ಉಳುತ್ತಿದ್ದವರು ಯಾರು ಎಂಬುದು. ಅದಕ್ಕೆ ಒಕ್ಕಲಿನ ಬಾಯಿಮಾತಿಗೂ ಗೇಣಿ ರಶೀದಿಗೂ ಬೆಲೆಯಿತ್ತು.

ಕರಾರಿನ ಕೇಸಿನಲ್ಲಿ ಹಾಗಲ್ಲ. ಇದನ್ನು ನಡೆಸುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ. ನಿಮಗೆ ಅನ್ಯಾಯವಾಯಿತೆಂದು ಹೇಳಿದರೆ ಸಾಲದು. ಕೆಲವು ಸಂಗತಿಗಳನ್ನು ನೀವೇ ತೋರಿಸಿಕೊಡಬೇಕು.

ಮೊದಲನೆಯದು ಹಣ. ಬಾಕಿ ಮೊತ್ತ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಲು ನೀವು ಉದ್ದಕ್ಕೂ ಸಿದ್ಧರಿದ್ದಿರೆಂದು ಸಾಬೀತುಪಡಿಸಬೇಕು. 2018ರ ತಿದ್ದುಪಡಿಯ ನಂತರವೂ ಈ ಹೊಣೆ ತಪ್ಪಿಲ್ಲ. ಸೊಸೈಟಿಯ ಪಾಸ್ ಪುಸ್ತಕ, ಅಡಿಕೆ ಮಾರಿದ ಬಿಲ್ಲು, ಸಾಲ ಮಂಜೂರಾದ ಕಾಗದ, ಮಾರುವವರಿಗೆ ಕಳಿಸಿದ ರಿಜಿಸ್ಟರ್ಡ್ ನೋಟೀಸಿನ ಪ್ರತಿ, ಇವೇ ನಿಮ್ಮ ಸಾಕ್ಷಿ.

ಎರಡನೆಯದು ಕಾಲಮಿತಿ. ಕರಾರಿನಲ್ಲಿ ವಾಯಿದೆ ಬರೆದಿದ್ದರೆ ಆ ದಿನದಿಂದ 3 ವರ್ಷ. ಬರೆಯದಿದ್ದರೆ, ಮಾರುವುದಿಲ್ಲವೆಂದು ನಿಮಗೆ ತಿಳಿದ ದಿನದಿಂದ 3 ವರ್ಷ. ಅದು ದಾಟಿದರೆ ಎಷ್ಟೇ ನ್ಯಾಯವಿದ್ದರೂ ದಾವೆ ನಿಲ್ಲದು. ಕಾಯುತ್ತ ಕುಳಿತಾಗ ಇನ್ನೊಂದು ಅಪಾಯವೂ ಇದೆ. ನಿಮ್ಮ ಕರಾರಿನ ವಿಷಯ ತಿಳಿಯದೆ ಪೂರ್ತಿ ಹಣ ಕೊಟ್ಟು ಮತ್ತೊಬ್ಬರು ಆ ಜಾಗ ಕೊಂಡರೆ ಅವರಿಂದ ಬಿಡಿಸಿಕೊಳ್ಳಲಾಗದು. ಬರೇ ಕರಾರಿನಿಂದ ಜಾಗ ನಿಮ್ಮದಾಗುವುದಿಲ್ಲ.

ಮೂರನೆಯದು ವಾದಪತ್ರ. ಕ್ರಯಪತ್ರ ಸಿಗದಿದ್ದರೆ ಮುಂಗಡವಾದರೂ ಮರಳಿ ಬರಲಿ ಎಂದು ಅದರಲ್ಲಿ ಕೇಳಿರಬೇಕು. ಕೇಳದ್ದನ್ನು ಕೋರ್ಟು ತಾನಾಗಿ ಕೊಡದು. ಕೋರ್ಟು ಫೀ ಮುಂಗಡದ ಮೇಲಲ್ಲ, ಇಡೀ ಕ್ರಯದ ಮೊತ್ತದ ಮೇಲೆ. ವಕೀಲರ ಫೀ ಉಳಿಸಿದರೂ ಇದು ಉಳಿಯದು.

ನನ್ನ ಅಭಿಪ್ರಾಯ ಇಷ್ಟೆ. ನಿಮ್ಮ ಕೇಸನ್ನು ನೀವೇ ಚೆನ್ನಾಗಿ ತಿಳಿದಿರಿ, ಕಾಗದಗಳನ್ನು ನೀವೇ ಜೋಡಿಸಿ, ತಾರೀಕುಗಳನ್ನು ಬರೆದಿಡಿ. ಸಾಕ್ಷಿ ಹೇಳುವುದಂತೂ ನೀವೇ. ನಿಮಗೇ ಗೊತ್ತಿರುವ ಸಂಗತಿಯನ್ನು ಮುಂಬಯಿಯ ಮಗ ಅಧಿಕಾರಪತ್ರ ಹಿಡಿದು ಬಂದು ನಿಮ್ಮ ಬದಲಿಗೆ ಹೇಳಲಾಗದು. ಆದರೆ ವಾದಪತ್ರ ಬರೆಯುವುದನ್ನೂ ಪಾಟೀಸವಾಲನ್ನೂ ಬಲ್ಲವರಿಗೆ ಬಿಡಿ. ಹಣದ ಅಡಚಣೆಯಿದ್ದರೆ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀ ಹಿಂದಕ್ಕೆ ಸಿಗುತ್ತದೆ. ನೆರೆಕರೆಯವರೊಡನೆ ಬಾಳಬೇಕಾದ ನಮಗೆ ಅದೂ ಒಳ್ಳೆಯ ದಾರಿ.

ಬಂದವರ ಕರಾರಿನ ತಾರೀಕು ಲೆಕ್ಕ ಹಾಕಿದೆ. ವಾಯಿದೆ ಮುಗಿದು ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಉಳಿದದ್ದು ಮೂರೇ ತಿಂಗಳು. "ನಾಳೆ ಬೆಳಗ್ಗೆಯೇ ಹೋಗಿ" ಎಂದೆ. ಕಾಯಿ ಉದುರತೊಡಗಿದ ಮೇಲೆ ಔಷಧಿ ಹೊಡೆದರೆ ಏನು ಬಂತೆಂದು ಅವರಿಗೆ ನಾನು ಹೇಳಬೇಕಿರಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲೂ ಅಂಥದೊಂದು ಕರಾರು ಇದ್ದರೆ ಇವತ್ತೇ ತೆಗೆದು ತಾರೀಕು ನೋಡಿ.