ಎದುರಾಳಿ ಬೇಕಾಗಿದ್ದಾರೆ

ಪತ್ರಿಕೆಗಳಲ್ಲಿ ಬರುವ ‘ಬೇಕಾಗಿದ್ದಾರೆ’ ಎಂಬ ಸಣ್ಣ ಜಾಹೀರಾತುಗಳನ್ನು ಓದುವುದೇ ಒಂದು ಸೊಗಸು. ಒಬ್ಬರಿಗೆ ವಧು ಬೇಕು. ಇನ್ನೊಬ್ಬರಿಗೆ ಗುಮಾಸ್ತ ಬೇಕು. ಮತ್ತೊಬ್ಬರಿಗೆ ಗಾಳಿ ಬೆಳಕುಗಳುಳ್ಳ ಬಾಡಿಗೆಯ ಮನೆ ಬೇಕು. ಮನುಷ್ಯನ ಕೊರತೆಗಳ ಸಂಕ್ಷಿಪ್ತ ಚರಿತ್ರೆಯೆಲ್ಲ ಆ ಸಾಲುಗಳಲ್ಲಿ ಅಡಗಿರುತ್ತದೆ. ಆದರೆ ‘ಎದುರಾಳಿ ಬೇಕಾಗಿದ್ದಾರೆ’ ಎಂಬ ಜಾಹೀರಾತನ್ನು ನಮ್ಮ ಓದುಗರು ಕಂಡಿರಲಾರರು. ಲೋಕದಲ್ಲಿ ಬೇಡದಿದ್ದರೂ ದೊರೆಯುವವರು ಎದುರಾಳಿಗಳೇ ಅಲ್ಲವೆ? ಹಾಗಿದ್ದೂ ಅಮೆರಿಕ ದೇಶದಲ್ಲಿ 1960ರ ದಶಕದಲ್ಲಿ ಇಂತಹ ಜಾಹೀರಾತುಗಳು ಸಾಲುಸಾಲಾಗಿ ಅಚ್ಚಾಗುತ್ತಿದ್ದವು. ಅವನ್ನು ಅಚ್ಚು ಹಾಕುತ್ತಿದ್ದುದು, ಬಾಲ್ಟಿಮೋರ್ ನಗರದ ಅವಲಾನ್ ಹಿಲ್ ಎಂಬ ಸಂಸ್ಥೆ 1964ರಲ್ಲಿ ಹೊರಡಿಸಿದ ‘ದಿ ಜನರಲ್’ ಎಂಬ ಪತ್ರಿಕೆ.

ಆ ಸಂಸ್ಥೆಯ ಕಸುಬು ಮೇಜಿನ ಮೇಲೆ ಆಡುವ ಯುದ್ಧದಾಟಗಳನ್ನು ತಯಾರಿಸುವುದು. ಚಾರ್ಲ್ಸ್ ರಾಬರ್ಟ್ಸ್ ಎಂಬವರು 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದು ಈ ಪದ್ಧತಿಗೆ ನಾಂದಿ ಹಾಡಿದರು. ಒಂದು ನಕ್ಷೆ, ಸೇನೆಯ ತುಕಡಿಗಳೆಂದು ಭಾವಿಸತಕ್ಕ ರಟ್ಟಿನ ಬಿಲ್ಲೆಗಳು, ಒಂದು ದಾಳ, ಮತ್ತು ಒಂದು ನಿಯಮಪುಸ್ತಕ—ಇಷ್ಟೇ ಸಾಮಗ್ರಿ. ಒಂದು ಆಟ ಮುಗಿಯಲು ಕೆಲವು ತಾಸುಗಳೇ ಬೇಕು. ಹೀಗಾಗಿ ಆಟವನ್ನು ಕೊಳ್ಳುವುದು ಸುಲಭವಾಗಿತ್ತು. ಆಡಲು ಎದುರಿಗೆ ಇನ್ನೊಬ್ಬರನ್ನು ಕೂರಿಸುವುದು ಕಷ್ಟವಾಗಿತ್ತು. ಊರಿಗೊಬ್ಬನೇ ಇಂತಹ ಹುಚ್ಚಿನವನು! ಕೆಲವರು ಅಂಚೆಯ ಮೂಲಕವೇ ಕಾದಾಡಿದರು. ಒಂದು ನಡೆಗೆ ಒಂದು ಕಾಗದ. ಅದಕ್ಕೆ ಉತ್ತರ ಬರುವವರೆಗೆ ಸೈನ್ಯವೆಲ್ಲ ಮೇಜಿನ ಮೇಲೆ ಧೂಳು ತಿನ್ನುತ್ತ ಕಾದಿರಬೇಕು.

ನಮ್ಮ ಪೂರ್ವಿಕರಿಗೆ ಈ ಕಷ್ಟವಿರಲಿಲ್ಲ. ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅತ್ತೆ, ನಾದಿನಿ, ನೆರೆಮನೆಯ ಅಜ್ಜಿ ಎಲ್ಲರೂ ಹಾಜರು. ಅಳಗುಳಿಮಣೆಗೆ ಹುಣಿಸೆಬೀಜ ಹುಡುಕುವುದು ತಡವಾಗಬಹುದಿತ್ತೇ ಹೊರತು ಜೊತೆಯವರನ್ನು ಹುಡುಕುವುದು ತಡವಾಗುತ್ತಿರಲಿಲ್ಲ. ಜಗಲಿ ಇದ್ದ ಕಡೆ ಜಾಹೀರಾತಿನ ಅಗತ್ಯವಿಲ್ಲ. ಜಗಲಿಯಿಲ್ಲದ ದೇಶದವರು ಏನು ಮಾಡಬೇಕು? ಅವರು ಜಗಲಿಯೊಂದನ್ನು ಕಟ್ಟಿಕೊಂಡರು. ಅದರ ಕಥೆಯೇ ಈ ವಾರದ ವಿಷಯ.

ವಿಸ್ಕಾನ್ಸಿನ್ ಪ್ರಾಂತದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬ ಗೃಹಸ್ಥರು. ಶಿಕಾಗೋ ನಗರದ ವಿಮಾ ಸಂಸ್ಥೆಯೊಂದರಲ್ಲಿ ನೌಕರಿ, ಮನೆ ತುಂಬ ಮಕ್ಕಳು, ತಲೆ ತುಂಬ ಯುದ್ಧದಾಟ. 1967ರಲ್ಲಿ ಅವರು ತಮ್ಮಂತೆಯೇ ಆಟದ ಗೀಳಿದ್ದ ಸುಮಾರು 20 ಮಂದಿಯನ್ನು ಮನೆಗೆ ಕರೆದು ಆಡಿಸಿದರು. ಮರುವರ್ಷ, ಅಂದರೆ 1968ರ ಆಗಸ್ಟ್ ತಿಂಗಳಲ್ಲಿ, ಊರಿನ ತೋಟಗಾರಿಕೆಯ ಭವನವನ್ನು 50 ಡಾಲರ್ ಬಾಡಿಗೆಗೆ ಹಿಡಿದರು. ಪ್ರವೇಶಶುಲ್ಕ 1 ಡಾಲರ್. ಬಂದವರು ನೂರರ ಆಸುಪಾಸು. ಊರಿನ ಹೆಸರಿನಲ್ಲಿ ಜಿನೀವಾ ಇದ್ದುದರಿಂದ, ಯುದ್ಧನಿಯಮಗಳ ಜಿನೀವಾ ಒಪ್ಪಂದವನ್ನು ನೆನಪಿಗೆ ತರುವಂತೆ ವಿನೋದವಾಗಿ ‘ಜೆನ್ ಕಾನ್’ ಎಂದು ಸಮ್ಮೇಳನಕ್ಕೆ ಹೆಸರಾಯಿತು. ರಟ್ಟಿನ ಸೈನಿಕರ ಯುದ್ಧಕ್ಕೆ ಒಪ್ಪುವ ಹೆಸರೇ ಸರಿ.

ಮರುವರ್ಷ, 1969ರ ಸಮ್ಮೇಳನಕ್ಕೆ ಮಿನೆಸೋಟ ಪ್ರಾಂತದಿಂದ ಡೇವ್ ಆರ್ನೆಸನ್ ಎಂಬ ತರುಣರು ಬಂದರು. ಇಬ್ಬರಿಗೂ ಪರಿಚಯವಾಯಿತು. ಮುಂದಿನ ವರ್ಷಗಳಲ್ಲಿ ಗೈಗ್ಯಾಕ್ಸ್ ವಿಮೆಯ ನೌಕರಿಯನ್ನು ಕಳೆದುಕೊಂಡು, ಸಂಸಾರ ಸಾಗಿಸಲು ಮನೆಯಲ್ಲಿಯೇ ಪಾದರಕ್ಷೆಗಳನ್ನು ದುರಸ್ತಿ ಮಾಡುತ್ತಿದ್ದರು. ಅತ್ತ ಆರ್ನೆಸನ್ ತಮ್ಮ ಗೆಳೆಯರಿಗೆ ಹೊಸ ಬಗೆಯ ಆಟವೊಂದನ್ನು ಆಡಿಸುತ್ತಿದ್ದರು. ಅದರಲ್ಲಿ ಒಬ್ಬೊಬ್ಬ ಆಟಗಾರನೂ ಸೈನ್ಯವನ್ನು ನಡೆಸದೆ ಒಬ್ಬನೇ ಒಬ್ಬ ವೀರನ ಪಾತ್ರವನ್ನು ವಹಿಸುತ್ತಿದ್ದ. ಇಬ್ಬರ ಕಲ್ಪನೆಯೂ ಕೂಡಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಪೆಟ್ಟಿಗೆಯಲ್ಲಿ 3 ಕಿರುಪುಸ್ತಕಗಳು. ಮೊದಲ ಮುದ್ರಣ 1000 ಪ್ರತಿ.

ಈ ಆಟದ ಸ್ವರೂಪವನ್ನು ವಿವರಿಸುವುದು ಇಂಗ್ಲಿಷರಿಗೆ ಕಷ್ಟ, ಕರಾವಳಿಯ ಕನ್ನಡಿಗರಿಗೆ ಸುಲಭ. ಯಕ್ಷಗಾನದ ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ, ಸಾಮಾನ್ಯ ಉಡುಪಿನಲ್ಲಿ ಕುಳಿತ ಅರ್ಥಧಾರಿಗಳು ಒಬ್ಬರು ಕೃಷ್ಣನಾಗಿ, ಒಬ್ಬರು ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಮಾತನ್ನಾಡುತ್ತಾರೆ, ಕಥೆಯ ಸೂತ್ರ ಭಾಗವತರ ಕೈಯಲ್ಲಿ. ಇಲ್ಲಿಯೂ ಹಾಗೆಯೇ. ಮೇಜಿನ ಒಂದು ತುದಿಯಲ್ಲಿ ಕಥೆ ನಡೆಸುವವರು ಒಬ್ಬರು. ಸುತ್ತಲೂ ನಾಲ್ಕಾರು ಪಾತ್ರಧಾರಿಗಳು. “ಗುಹೆಯ ಬಾಗಿಲು ಮುಚ್ಚಿದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ?” ಎಂದು ಅವರು ಕೇಳಬೇಕು, ಇವರು ಯೋಚಿಸಿ ಉತ್ತರ ಹೇಳಬೇಕು. ಮಾಡಹೊರಟ ಸಾಹಸ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. 20 ಮುಖಗಳ ದಾಳವೂ ಅವರಲ್ಲಿ ಉಂಟು! ತಾಳಮದ್ದಳೆಯಲ್ಲಿ ಪ್ರಸಂಗದ ಮುಕ್ತಾಯ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾದ ವೈಚಿತ್ರ್ಯವೆಂದರೆ, ಈ ಆಟದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಎದುರಾಳಿಯನ್ನು ಅರಸಿ ಬಂದವರು ಎದುರಾಳಿಯೇ ಬೇಡದ ಆಟವನ್ನು ಕಂಡುಹಿಡಿದರು.

ಆಟವೆಂದೊಡನೆ ನಮ್ಮ ಹಿರಿಯರಿಗೆ ಧರ್ಮರಾಯನ ನೆನಪಾಗುವುದು ಸಹಜ. ಪಣವಿಟ್ಟ ದಾಳ ರಾಜ್ಯವನ್ನು ನುಂಗಿತು, ಮಡದಿಯನ್ನು ಸಭೆಗೆಳೆಯಿತು. ಆದರೆ ಈ ಮೇಜುಗಳ ಆಟದಲ್ಲಿ ಪಣದ ಪ್ರಶ್ನೆಯಿಲ್ಲ. ಅಲ್ಲಿ ಸೋತವನಿಗೆ ಆಗುವ ನಷ್ಟ ಒಂದು ಮಧ್ಯಾಹ್ನ, ದೊರೆಯುವ ಲಾಭ ಒಂದು ಪರಿಚಯ.

ಸಮುದ್ರದಾಚೆ ಜರ್ಮನಿಯಲ್ಲಿಯೂ ಇಂತಹದೇ ಸಂತೆ ನೆರೆಯಿತು. ಎಸ್ಸೆನ್ ನಗರದಲ್ಲಿ 1983ರಲ್ಲಿ ಆರಂಭವಾದ ಆಟಗಳ ಮೇಳಕ್ಕೆ 2024ರಲ್ಲಿ ಬಂದವರ ಸಂಖ್ಯೆ 4 ದಿನಗಳಲ್ಲಿ 2 ಲಕ್ಷವನ್ನು ದಾಟಿತು. ಅಲ್ಲಿಯ ಜನಕ್ಕೆ ಯುದ್ಧಕ್ಕಿಂತ ಸಂಸಾರವೊಂದಿಗರು ಕೂಡಿ ಆಡುವ ಆಟದಲ್ಲಿ ಹೆಚ್ಚು ಒಲವು. ಹಲ್ಲು ಕಟ್ಟುವ ಕಸುಬಿನ ಕ್ಲಾಸ್ ಟಾಯ್ಬರ್ ಎಂಬವರು ರೂಪಿಸಿ 1995ರಲ್ಲಿ ಪ್ರಕಟವಾದ ‘ಕಟಾನ್’ ಆಟದಲ್ಲಿ ಆಟಗಾರರು ಒಂದು ದ್ವೀಪದಲ್ಲಿ ಹಳ್ಳಿಗಳನ್ನೂ ದಾರಿಗಳನ್ನೂ ಕಟ್ಟುತ್ತಾರೆ. ಇಟ್ಟಿಗೆ ಇದ್ದವನಲ್ಲಿ ಮರವಿಲ್ಲ, ಉಣ್ಣೆ ಇದ್ದವನಲ್ಲಿ ಧಾನ್ಯವಿಲ್ಲ. ಆದ್ದರಿಂದ ಪ್ರತಿಸ್ಪರ್ಧಿಯೊಡನೆಯೇ ಕೊಡುಕೊಳ್ಳಬೇಕು. ಹಿಂದೆ ಬಿದ್ದವನನ್ನು ಆಟದಿಂದ ಹೊರದೂಡುವ ನಿಯಮವೂ ಇಲ್ಲ; ಕೊನೆಯವರೆಗೂ ಆತ ಮೇಜಿನಲ್ಲಿಯೇ ಇರುತ್ತಾನೆ. ಈ ಒಂದು ಮರ್ಯಾದೆಗಾಗಿಯೇ ಆ ಆಟವನ್ನು ಮೆಚ್ಚಬಹುದು.

ಇನ್ನು ಜೆನ್ ಕಾನ್ ಬೆಳೆದ ಬಗೆ. ಲೇಕ್ ಜಿನೀವಾದಲ್ಲಿ ಜಾಗ ಸಾಲದೆ ಅದು 1978ರಲ್ಲಿ ಕೆನೋಶಾದ ವಿಶ್ವವಿದ್ಯಾಲಯಕ್ಕೂ, 1985ರಲ್ಲಿ ಮಿಲ್ವಾಕೀ ನಗರಕ್ಕೂ, 2003ರಲ್ಲಿ ಇಂಡಿಯಾನಾಪೊಲಿಸ್ ನಗರಕ್ಕೂ ಬಿಡಾರ ಬದಲಾಯಿಸಿತು. 2024ರಲ್ಲಿ ಅಲ್ಲಿ ನೆರೆದವರು 70,000ಕ್ಕೂ ಹೆಚ್ಚು. ವ್ಯಾಪಾರದ ಗದ್ದಲ, ದುಬಾರಿ ವಸತಿ, ಉದ್ದನೆಯ ಸರದಿಗಳು ಇಲ್ಲದಿಲ್ಲ. ಸರದಿಯಲ್ಲಿ ನಿಂತವರ ಬೇಸರವನ್ನೂ ಆಟ ಬಿಡಲಿಲ್ಲ. ಸಮ್ಮೇಳನದಲ್ಲಿ ಎರಡು ಆಟಗಳ ನಡುವಣ ಬಿಡುವಿನಲ್ಲಿ ಆಡಿ ಮುಗಿಸಬಹುದಾದ, ಜೇಬಿನಲ್ಲಿ ಹಿಡಿಯುವ ಆಟವೊಂದು ಬೇಕೆಂದು ಪ್ರಕಾಶಕರೊಬ್ಬರು ಕೇಳಿದ್ದರಿಂದ, ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ಅವರ ‘ಮ್ಯಾಜಿಕ್’ ಎಂಬ ಚೀಟಿಯಾಟ 1993ರಲ್ಲಿ ಹುಟ್ಟಿತು.

ಅಲ್ಲಿಯ ಒಂದು ಪದ್ಧತಿ ಬಹಳ ಅರ್ಥಗರ್ಭಿತವಾದುದು. ನೆರೆದವರು ಬೇಕಾದ ಆಟಕ್ಕೆ ಮುಂಚೆಯೇ ಚೀಟಿ ಕೊಳ್ಳುತ್ತಾರೆ. ಅದಲ್ಲದೆ ಯಾವ ಆಟದ ಹೆಸರೂ ಇಲ್ಲದ ಚೀಟಿಯೂ ದೊರೆಯುತ್ತದೆ. ಅದನ್ನು ಹಿಡಿದು ಯಾವುದಾದರೊಂದು ಮೇಜಿನ ಬಳಿ ನಿಂತರೆ, ಬರಬೇಕಾದವರು ಬಾರದೆ ಕುರ್ಚಿ ಖಾಲಿ ಉಳಿದಲ್ಲಿ ಆ ಸ್ಥಾನ ನಿಂತವರದು. ಹೆಸರು ಕೇಳುವುದು ಆಮೇಲೆ. ಜಾತಿ, ಕುಲ, ಸಂಬಳಗಳನ್ನು ಕೇಳುವ ಪ್ರಮೇಯವೇ ಇಲ್ಲ. ನಮ್ಮ ಮದುವೆಯ ಪಂಕ್ತಿಯಲ್ಲಿಯೂ ಖಾಲಿ ಎಲೆಯ ಮುಂದೆ ಕುಳಿತುಕೊಳ್ಳಲು ಇಷ್ಟು ಧೈರ್ಯ ಎಲ್ಲರಿಗೂ ಬರುವುದಿಲ್ಲ. ಅಪರಿಚಿತರ ನಡುವೆ ಮಾತು ಹೇಗೆ ಆರಂಭಿಸಬೇಕೆಂದು ತಿಳಿಯದೆ ಮುದುಡಿಕೊಳ್ಳುವ ಸಂಕೋಚದ ಜೀವಿಗಳಿಗೆ ಆಟದ ನಿಯಮಗಳೇ ಪರಿಚಯಪತ್ರ. ಈಗ ಯಾರ ಸರದಿ, ಏನು ಮಾಡಬಹುದು, ಏನು ಕೂಡದು—ಎಲ್ಲವೂ ಪುಸ್ತಕದಲ್ಲಿ ಬರೆದಿದೆ. ಲೋಕವ್ಯವಹಾರದಲ್ಲಿ ಇಂತಹ ಪುಸ್ತಕವೊಂದಿದ್ದರೆ ಎಷ್ಟೋ ಜನರ ಬಾಳು ಹಗುರವಾಗುತ್ತಿತ್ತು.

“ವಯಸ್ಸಾದವರು ಬೊಂಬೆ, ದಾಳಗಳನ್ನಿಟ್ಟುಕೊಂಡು ಕೂಡುವುದು ಕೆಲಸವಿಲ್ಲದವರ ಕೆಲಸ” ಎಂಬ ಆಕ್ಷೇಪಣೆಗೆ ಉತ್ತರ ಹೇಳುವುದು ಅನಗತ್ಯ. ಕೆಲಸವಿಲ್ಲದವರಿಗೂ ಒಂದು ಕೆಲಸ ಬೇಕಷ್ಟೆ. ಆದರೆ ಇನ್ನೊಂದು ಪ್ರಶ್ನೆ ಗಂಭೀರವಾದುದು. ಈಗ ಅಂಗೈಯಗಲದ ದೂರವಾಣಿಯಲ್ಲಿಯೇ ಹಗಲಿರುಳೂ ಎದುರಾಳಿಗಳು ಸಿದ್ಧರಿದ್ದಾರೆ. ಕಾಗದ ಬರೆಯಬೇಕಿಲ್ಲ, ಜಾಹೀರಾತು ಕೊಡಬೇಕಿಲ್ಲ. ಹಾಗಿದ್ದ ಮೇಲೆ ಈ ಸಮ್ಮೇಳನಗಳು ಬರಿದಾಗಬೇಕಿತ್ತು. ಬದಲಾಗಿ ತುಂಬಿ ತುಳುಕುತ್ತಿವೆ. 2020ರಲ್ಲಿ ಮಹಾಮಾರಿಯ ದೆಸೆಯಿಂದ ಜೆನ್ ಕಾನ್ ಕೇವಲ ಅಂತರ್ಜಾಲದಲ್ಲಿ ನಡೆಯಿತು. ಆಟಗಳಿಗೆ ಕೊರತೆಯಿರಲಿಲ್ಲ. ಆದರೂ 2021ರ ಸೆಪ್ಟೆಂಬರಿನಲ್ಲಿ, ಸಂಖ್ಯೆಯ ಮಿತಿಯಿದ್ದರೂ, ಜನ ಮತ್ತೆ ಮೇಜುಗಳಿಗೆ ಬಂದರು.

ಹಳೆಯ ಜಾಹೀರಾತಿನಲ್ಲಿ ಅವರು ಬೇಡಿದುದು ಎದುರಾಳಿಯನ್ನು. ಅವರಿಗೆ ಬೇಕಾಗಿದ್ದುದು ಎದುರಿಗೊಂದು ಮುಖ. ನಮ್ಮ ದಾಳ ಚೆನ್ನಾಗಿ ಬಿದ್ದಾಗ ಹುಬ್ಬು ಗಂಟಿಕ್ಕುವ, ಕೆಟ್ಟು ಬಿದ್ದಾಗ ‘ಅಯ್ಯೋ ಪಾಪ’ ಎನ್ನುವ ಒಂದು ಜೀವ. ಯಂತ್ರ ನಮ್ಮನ್ನು ಸೋಲಿಸಬಲ್ಲದು. ಸೋತವನ ಬೆನ್ನು ತಟ್ಟಲಾರದು.

ಗೈಗ್ಯಾಕ್ಸ್ ಅವರ ಕಥೆಯ ಕೊನೆ ಈ ಮಾತಿಗೆ ಸಾಕ್ಷಿ. ತಾವು ಕಟ್ಟಿದ ಸಂಸ್ಥೆಯ ಹಿಡಿತವನ್ನು ಅವರು 1985ರಲ್ಲಿ ಕಳೆದುಕೊಂಡರು. ಆಟ ಪರರ ಸ್ವತ್ತಾಯಿತು. ಮೇಜಿನ ನಂಟು ಮಾತ್ರ ಬಿಡಲಿಲ್ಲ. 2008ರ ಮಾರ್ಚಿ ತಿಂಗಳಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಲೇಕ್ ಜಿನೀವಾದಲ್ಲಿಯೇ ಅವರು ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಬಂದ ಬಂಧುಮಿತ್ರರು ಕರ್ಮಗಳೆಲ್ಲ ಮುಗಿದ ಮೇಲೆ ಕೂಡಲೇ ಚದುರಿ ಹೋಗಲಿಲ್ಲ. ಊರಿನಲ್ಲಿ ಒಂದೆಡೆ ಕೂಡಿ, ಅವರ ನೆನಪಿಗೆ ಆಟ ಹೂಡಿದರು. ಮರುವರ್ಷದಿಂದ ಅದೇ ‘ಗ್ಯಾರಿ ಕಾನ್’ ಎಂಬ ಹೆಸರಿನ ಮಾರ್ಚಿ ತಿಂಗಳ ಸಮ್ಮೇಳನವಾಗಿ ಬೆಳೆಯಿತು.

ಶ್ರಾದ್ಧದ ವಿಧಿಗಳಲ್ಲಿ ಇಂತಹದೊಂದನ್ನು ಯಾವ ಶಾಸ್ತ್ರಕಾರನೂ ಬರೆದಿಲ್ಲ. ಆದರೆ ಎದುರಾಳಿಗಳಿಲ್ಲದೆ ಜಾಹೀರಾತು ನೋಡಿ ಕಾಯಬೇಕಾಗಿದ್ದ ಕಾಲದಲ್ಲಿ ಮನೆಯ ಬಾಗಿಲು ತೆರೆದವರಿಗೆ ಇದಕ್ಕಿಂತ ತಕ್ಕ ತರ್ಪಣ ಬೇರೆ ಯಾವುದಿದ್ದೀತು? ನಮ್ಮ ಮನೆಗಳ ಅಟ್ಟದ ಮೇಲೆಯೂ ಒಂದು ಅಳಗುಳಿಮಣೆ ಮಲಗಿರಬಹುದು. ಅದರ ಗುಳಿಗಳನ್ನು ತುಂಬಲು ಹುಣಿಸೆಬೀಜ ಸಾಕು. ಅದರಾಚೆಯ ಮಣೆಯನ್ನು ತುಂಬಲು ಮಾತ್ರ ಒಬ್ಬ ಮನುಷ್ಯನೇ ಬೇಕು.