ಮೇ ತಿಂಗಳಲ್ಲೇ ಮಳೆಗಾಲ: ಮಂಗೋರ್ ಹಿಲ್‌ನವರು ಕಲಿಯಬೇಕಾದ ಪಾಠ



2025ರ ಮೇ ಕೊನೆಯ ವಾರ ಎಲ್ಲರ ಲೆಕ್ಕಾಚಾರ ತಲೆಕೆಳಗು ಮಾಡಿತು. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು, 26ಕ್ಕೆ ಮುಂಬೈ ಮುಟ್ಟಿತು. ನಡುವೆ ಗೋವಾವನ್ನೂ ಆವರಿಸಿತು. 2009ರ ನಂತರ ಕೇರಳಕ್ಕೆ ಇಷ್ಟು ಬೇಗ ಬಂದದ್ದು ಇದೇ ಮೊದಲು. ಆಮೇಲೆ ಅದೇ ಮುಂಗಾರು ಜೂನ್ ನಡುವಿನವರೆಗೂ ಮುಂದೆ ಸಾಗದೆ ನಿಂತಿತು.

ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ನಮ್ಮೂರ ಕಡೆ. ಗುಡ್ಡದ ಮೇಲೆ ಲೆಕ್ಕ ಬೇರೆ. ಉತ್ತರ ಕರ್ನಾಟಕದಿಂದ ಇಲ್ಲಿಗೆ ಬಂದವರಲ್ಲಿ ಅನೇಕರು ದಿನಗೂಲಿಯವರು. ಮಳೆಯಿಂದ ಕಟ್ಟಡದ ಕೆಲಸ ನಿಂತರೆ ಅಂದಿನ ಪಗಾರ ಇಲ್ಲ. ಮೇ ತಿಂಗಳ ದುಡಿಮೆಯಲ್ಲೇ ಮಳೆಗಾಲದ ರೇಷನ್ನು, ಮಕ್ಕಳ ಪುಸ್ತಕ, ಊರಿನ ಹೊಲಕ್ಕೆ ಬೀಜ-ಗೊಬ್ಬರ ಎಲ್ಲ ಆಗಬೇಕು. ಒಂದು ವಾರ ಕೈತಪ್ಪಿದರೆ ಸಾಲ ಮಾಡಬೇಕಾಗುತ್ತದೆ.

ಹಾಗೆಂದು ಪ್ರತಿವರ್ಷ ಮಳೆ ಬೇಗ ಬರುತ್ತದೆ ಎಂದಲ್ಲ. ಇನ್ನು ಮುಂದೆ ತಾರೀಕು ನಂಬಿ ಕೂರುವಂತಿಲ್ಲ, ಅಷ್ಟೇ. ಆದ್ದರಿಂದ ಸದಸ್ಯರಲ್ಲಿ ವಿನಂತಿ:

1. ತಗಡು, ತಾಡಪತ್ರಿ ಕೆಲಸ ಮೇ 15ರೊಳಗೆ ಮುಗಿಸಿರಿ.
2. ಗಟಾರ ಸ್ವಚ್ಛ ಮಾಡಿಸಲು ಏಪ್ರಿಲ್‌ನಲ್ಲೇ ಮುರಗಾಂವ್ ನಗರಪಾಲಿಕೆಗೆ ಓಣಿಯವರೆಲ್ಲ ಸೇರಿ ಅರ್ಜಿ ಕೊಡಿರಿ. ಸ್ವೀಕೃತಿಯ ಸಹಿ-ಮೊಹರು ಪಡೆಯಿರಿ.
3. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ ಸಿದ್ಧರಾಗಿರಿ ಎಂದರ್ಥ. ರೆಡ್ ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ.
4. ಗುಡ್ಡದ ಬದಿಯ ಗೋಡೆ ಬಿರುಕು ಬಿಟ್ಟರೆ, ಕಂಬ ವಾಲಿದರೆ, ಬುಡದಿಂದ ಕೆಸರು ನೀರು ಬಂದರೆ ಸಾಮಾನು ನೋಡದೆ ಹೊರಗೆ ಬನ್ನಿರಿ. 112ಕ್ಕೆ ಕರೆ ಮಾಡಿರಿ.

ಸಾಮಾನು ಮತ್ತೆ ಕೊಳ್ಳಬಹುದು, ಜೀವ ಕೊಳ್ಳಲಾಗದು.

– ಕಾರ್ಯದರ್ಶಿ